ಸಣ್ಣ ಕೈಗೆ ಸಣ್ಣ ತೋಟೆ

ಬಾಬಾ ಕೋವಿಗೆ ಆ ಸಣ್ಣ ತೋಟೆಯನ್ನು ಆರಿಸಿದ್ದು ಅವರ ಬುದ್ಧಿವಂತಿಕೆಯಿಂದ ಅಲ್ಲ, ನನ್ನ ಹರಕು ಅರಬಿ ಮಾತಿನಿಂದ. ಅವರ ಮನೆಯವರು ಇವತ್ತಿಗೂ ಬೇರೆ ಥರ ಹೇಳಿಕೊಳ್ಳುತ್ತಾರೆ. ಹೇಳಿಕೊಳ್ಳಲಿ. ನಡೆದದ್ದು ನನಗೆ ಗೊತ್ತು.

ಇದೆಲ್ಲ ಮತ್ತೆ ಎದ್ದು ಬಂದದ್ದು ಒಂದು ವಾಸನೆಯಿಂದ. ಹೋದ ತಿಂಗಳು ಊರಿಗೆ ಕಾರ್ಗೋ ಹಾಕಲಿಕ್ಕೆ ಅಂತ ಅಳಿಯನ ಜೊತೆ ಗೋದಾಮುಗಳಿರುವ ಅರ್ದಿಯಾಕ್ಕೆ ಹೋಗಿದ್ದೆ. ಎರಡು ಕಂಬಳಿ, ಹಾಲಿನ ಪುಡಿ, ತಮ್ಮನ ಮಗಳ ಮದುವೆಗೆ ಒಂದು ಡಿನ್ನರ್ ಸೆಟ್ಟು. ಗೋದಾಮಿನ ಶಟರು ಅರ್ಧದಲ್ಲಿ ಸಿಕ್ಕಿಹಾಕಿಕೊಂಡಿತ್ತು. ಅಲ್ಲಿಯ ಕೆಲಸದವನೊಬ್ಬ ಹಳೇ ಬನಿಯನ್ನಿನ ತುಂಡಿಗೆ ಎಂಥದ್ದೋ ಎಣ್ಣೆ ಸುರಿದುಕೊಂಡು ಅದಕ್ಕೆ ಉಜ್ಜುತ್ತಿದ್ದ. ಗಾಳಿ ನನ್ನ ಕಡೆ ತಿರುಗಿತು. ಹೆಚ್ಚು ಹಣ್ಣಾದ ಬಾಳೆಹಣ್ಣಿನ ಮೇಲೆ ಸೀಮೆಎಣ್ಣೆ ಬಿದ್ದರೆ ಬರುವಂಥ ವಾಸನೆ... ಕೋವಿ ಒರೆಸುವ ಎಣ್ಣೆಗೆ ಬಿಟ್ಟರೆ ಬೇರೆ ಯಾವುದಕ್ಕೂ ಆ ವಾಸನೆ ಇರುವುದನ್ನು ನಾನು ಕಾಣಲಿಲ್ಲ.

"ಅತ್ತೆ, ತಲೆ ತಿರುಗ್ತದಾ? ಸ್ವಲ್ಪ ಕೂತ್ಕೊಳ್ಳಿ," ಅಂದರು ಅಳಿಯ.

"ನನ್ನ ತಲೆ ಸರಿ ಉಂಟು. ಅಲ್ಲಿ ಡಿನ್ನರ್ ಸೆಟ್ಟಿನ ಪೆಟ್ಟಿಗೆ ತಲೆಕೆಳಗೆ ಇಟ್ಟಿದ್ದಾರೆ, ನೀವು ಅದನ್ನು ನೋಡಿ," ಅಂದೆ. ಆದರೆ ಕೂತೆ. ಹೊರಗೆ ಧೂಳು ಎದ್ದಿತ್ತು, ಬಿಸಿಲು ಅರಿಶಿನ ಕಲಸಿದ ನೀರಿನ ಹಾಗೆ ಆಗಿತ್ತು. ಆ ಬಣ್ಣದೊಳಗೆ ಲಾರಿಗಳು ಶಬ್ದವೇ ಇಲ್ಲದ ಹಾಗೆ ಹೋಗುತ್ತಿದ್ದವು. ನಾನು ಹದಿನೈದು ವರ್ಷ ಹಿಂದೆ ಒಂದು ಮನೆಯ ಹಿತ್ತಿಲ ಅಂಗಳದಲ್ಲಿ ನಿಂತಿದ್ದೆ.

ಆ ಮನೆಯಲ್ಲಿ ನಾನು ಹನ್ನೊಂದು ವರ್ಷ ಅಡಿಗೆಗೆ ಇದ್ದೆ. ಯಜಮಾನರನ್ನು ಕೆಲಸದವರೆಲ್ಲ ಬಾಬಾ ಅನ್ನುವುದು ಈ ಅರಬರ ದೇಶದ ಕ್ರಮ, ಹಾಗೆ ನನಗೂ ಅವರು ಬಾಬಾ. ಅವರ ಹೆಂಡತಿ ನಾನು ಕೆಲಸಕ್ಕೆ ಸೇರುವ ಮೊದಲೇ ತೀರಿಹೋಗಿದ್ದರು. ಮನೆಯಲ್ಲಿ ಇದ್ದದ್ದು ಬಾಬಾ, ಅವರ ಮಗ, ಸೊಸೆ, ಒಬ್ಬಳೇ ಮೊಮ್ಮಗಳು. ಬಾಬಾ ನನ್ನನ್ನು ಉಖ್ತಿ ಅಂತ ಕರೆಯುತ್ತಿದ್ದರು, ಅಂದರೆ ತಂಗಿ. ಸಾರಿಗೆ ಉಪ್ಪು ಜಾಸ್ತಿಯಾದ ದಿನ ಬೈಯುತ್ತಿರಲಿಲ್ಲ. ನೀರಿನ ಬಾಟಲಿ ಎತ್ತಿ, ನನಗೆ ಕಾಣುವ ಹಾಗೆ ಹಿಡಿದು, ಪೂರ್ತಿ ಕುಡಿದು ಕೆಳಗಿಡುತ್ತಿದ್ದರು. ಬೈಗುಳವೇ ವಾಸಿ ಅನ್ನಿಸುತ್ತಿತ್ತು.

ಚಳಿ ಶುರುವಾದರೆ ಅವರಿಗೆ ಬೇಟೆಯ ಧ್ಯಾನ. ಈ ಮರಳಿನಲ್ಲಿ ಜಿಂಕೆ ಎಲ್ಲಿಂದ ಬರಬೇಕು? ವಿಮಾನ ಹತ್ತಿ ಯಾವುದೋ ಹಿಮದ ಬೆಟ್ಟದ ದೇಶಕ್ಕೆ ಹೋಗುತ್ತಿದ್ದರು. ಅಲ್ಲಿ ಪರವಾನಗಿ ಚೀಟಿ ಮಾಡಿಸಿದರೆ ಒಬ್ಬರಿಗೆ ಒಂದು ಜಿಂಕೆ ಅಂತ ಲೆಕ್ಕವಂತೆ. ಹೋಗುವ ಒಂದು ತಿಂಗಳು ಮೊದಲೇ ಕಬ್ಬಿಣದ ಕಪಾಟಿನ ಬೀಗ ತೆಗೆದು ಕೋವಿ ಹೊರಗೆ ತರುತ್ತಿದ್ದರು. ಗಂಡಸರು ಕೂತು ಹರಟುವ ಮುಂದಿನ ದಿವಾನಿಯಾದಲ್ಲಿ ಎಣ್ಣೆ ವಾಸನೆ ಬೇಡ ಅಂತ ಮಗ ಗೊಣಗುತ್ತಿದ್ದ. ಹಾಗಾಗಿ ಬಾಬಾ ನನ್ನ ಅಡಿಗೆಮನೆಯ ಬಾಗಿಲ ಹೊರಗೆ ಪೇಪರು ಹಾಸಿಕೊಂಡು ಕೂರುತ್ತಿದ್ದರು. ನಾನು ಒಳಗೆ ಈರುಳ್ಳಿ ಹೆಚ್ಚುವುದು, ಅವರು ಹೊರಗೆ ಕೋವಿಯ ನಳಿಗೆಗೆ ಬಟ್ಟೆ ತೂರಿಸಿ ಎಳೆಯುವುದು. ಇಬ್ಬರ ಕಣ್ಣಲ್ಲೂ ನೀರು, ನನ್ನದು ಈರುಳ್ಳಿಯದ್ದು. ಅವರದ್ದು ಏನೆಂದು ನಾನು ಆಗ ಯೋಚಿಸಲಿಲ್ಲ.

ಕೋವಿ ಎರಡಿತ್ತು. ಒಂದು ಅವರದ್ದು, ದೊಡ್ಡದು, ಅದಕ್ಕೆ ದೊಡ್ಡ ತೋಟೆ. ಇನ್ನೊಂದು ಹೆಂಡತಿಗೆಂದು ತಂದದ್ದು, ಹಗುರ, ಅದಕ್ಕೆ ಸಣ್ಣ ತೋಟೆ. ಒಂದರದ್ದು ಇನ್ನೊಂದಕ್ಕೆ ಹೋಗುವುದಿಲ್ಲ, ತೋಟೆ ಆರಿಸಿದರೆ ಕೋವಿಯನ್ನೂ ಆರಿಸಿದ ಹಾಗೆಯೇ. ಹೆಂಡತಿ ಆ ಸಣ್ಣದರಲ್ಲಿ ಖಾಲಿ ಡಬ್ಬಗಳಿಗೆ ಮಾತ್ರ ಹೊಡೆದಿದ್ದರಂತೆ. ಅವರು ಹೋದ ಮೇಲೂ ಬಾಬಾ ವರ್ಷ ವರ್ಷ ಅದನ್ನೂ ಒರೆಸಿ ಇಡುತ್ತಿದ್ದರು.

ಆ ವರ್ಷ ಒಂದು ಮಧ್ಯಾಹ್ನ ಬಾಬಾ ತೋಟೆಯ ಪೆಟ್ಟಿಗೆಯನ್ನು ಕಣ್ಣಿನ ಹತ್ತಿರ ಹಿಡಿದರು, ದೂರ ಹಿಡಿದರು, ಬಿಸಿಲಿಗೆ ತಿರುಗಿಸಿದರು. ಕೊನೆಗೆ ನನ್ನ ಕಡೆ ನೀಡಿದರು.

"ಉಖ್ತಿ, ಇದರ ನಂಬರು ಓದು."

ನನ್ನ ನಾಲ್ಕನೇ ಕ್ಲಾಸು ಅಂಕಿ ಓದುವುದಕ್ಕೆ ಸಾಲುತ್ತದೆ. ಓದಿದೆ. ಓದಿ ಅವರ ಮುಖ ನೋಡಿದೆ. ಅವರು ನನ್ನ ಕಡೆ ನೋಡದೆ ಕೋವಿಯ ಹಿಡಿಯನ್ನು ಸವರುತ್ತಾ ಕೂತಿದ್ದರು.

"ಮಗನಿಗೆ ಹೇಳಬೇಡ," ಅಂದರು. "ಈ ಚಳಿಗೆ ಇನ್ನೂ ಸ್ವಲ್ಪ ಕಾಣ್ತದೆ. ಮುಂದಿನ ಚಳಿಗೆ..."

ಅಷ್ಟೇ. ನನಗೆ ಅರ್ಥವಾಯಿತು. ಹದಿಮೂರು ತುಂಬಿದ ಮೊಮ್ಮಗಳು ಆ ಸಲ "ನಾನೂ ಬರ್ತೇನೆ" ಅಂದಿದ್ದಳು. ಅಷ್ಟು ವರ್ಷದ ಬೇಟೆಯಲ್ಲಿ ಮನೆಯವರು ಯಾರೂ ಅವರ ಜೊತೆ ಹೋದವರಲ್ಲ. ಮಗ ಒಂದೇ ಒಂದು ಸಲ ಹೋಗಿ, ಚಳಿಗೆ ಮೂಗು ಸೋರಿಸಿಕೊಂಡು ಮೂರನೇ ದಿನ ವಾಪಸು ಬಂದಿದ್ದ. ಈಗ ಹುಡುಗಿ ತಾನಾಗಿ ಕೇಳಿದ್ದಾಳೆ. ಅವಳನ್ನು ಕರೆದುಕೊಂಡು ಹೋಗುವುದಿದ್ದರೆ ಅದೇ ಚಳಿಗಾಲ, ಇಲ್ಲದಿದ್ದರೆ ಇಲ್ಲ.

ಮಗನಿಗೆ ಮಗಳು ಹೋಗುವುದರ ಬಗ್ಗೆ ತಕರಾರಿಲ್ಲ. ಆದರೆ ಹೋದ ಮೇಲೆ ಹೆಸರು ಉಳಿಸಬೇಕು. ದೊಡ್ಡ ತೋಟೆಯದ್ದೇ ಒಂದು ಹೊಸ ಪೆಟ್ಟಿಗೆ ತಂದಿಟ್ಟ. "ಹೊಡೆದರೆ ನಿಂತಲ್ಲೇ ಬೀಳಬೇಕು" ಅಂದ. ಬಾಬಾ ಕೂಡ ತಲೆಯಾಡಿಸಿದರು. ಅವರು ಚಿಕ್ಕವರಿದ್ದಾಗ ಅವರ ಕೈಗೂ ಯಾರೋ ದೊಡ್ಡ ಕೋವಿಯನ್ನೇ ಕೊಟ್ಟಿದ್ದರಂತೆ, ಅವರು ಸಾಯಲಿಲ್ಲವಂತೆ. ಗಂಡಸರ ಲೆಕ್ಕವೇ ಹಾಗೆ. ತಾವು ಸಾಯದೆ ಉಳಿದದ್ದೆಲ್ಲ ಒಳ್ಳೆಯದು ಅಂತ ಅವರ ನಂಬಿಕೆ.

ಶುಕ್ರವಾರ ಊರಿನ ಹೊರಗಿನ ಶೂಟಿಂಗ್ ಮೈದಾನಕ್ಕೆ ಹೋದೆವು. ಹುಡುಗಿಯ ಜೊತೆ ಒಬ್ಬಳು ಹೆಂಗಸು ಇರಲಿ ಅಂತ ನನ್ನನ್ನೂ ಚಹಾದ ಫ್ಲಾಸ್ಕನ್ನೂ ಕರೆದುಕೊಂಡು ಹೋದರು. ಬೆಳಗಿನ ಮಂಜು ಇನ್ನೂ ಬಿಟ್ಟಿರಲಿಲ್ಲ. ಮರಳು ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ಗೊತ್ತಾಗುತ್ತಿರಲಿಲ್ಲ. ಗುರಿಯ ಕಾಗದಗಳು ಗಾಳಿಯಲ್ಲಿ ತೂಗುಹಾಕಿದ ಒಗೆದ ಬಟ್ಟೆಗಳ ಹಾಗೆ ಕಾಣುತ್ತಿದ್ದವು... ಕಿವಿಗೆ ಮುಚ್ಚಳ ಹಾಕಿಕೊಂಡರೆ ಇಡೀ ಲೋಕ ನೀರಿನೊಳಗೆ ಇದ್ದ ಹಾಗೆ.

ಮೊದಲನೇ ಹೊಡೆತಕ್ಕೇ ಕೋವಿ ಹಿಂದಕ್ಕೆ ಒದ್ದು, ಮೇಲೆ ಕೂರಿಸಿದ ದುರ್ಬೀನಿನ ಅಂಚು ಹುಡುಗಿಯ ಹುಬ್ಬಿಗೆ ಬಡಿಯಿತು. ರಕ್ತ ಮೂಗಿನ ಪಕ್ಕದಿಂದ ಇಳಿಯಿತು.

"ಏನಾಗಲಿಲ್ಲ, ಏನಾಗಲಿಲ್ಲ," ಅಂತ ನಕ್ಕ ಅವಳ ಅಪ್ಪ. "ಇನ್ನು ನೀನು ಬೇಟೆಗಾರ್ತಿ. ಸೀಲು ಬಿತ್ತು!"

ಅವಳು ಅಳಲಿಲ್ಲ. ಕಾಗದದ ಕರವಸ್ತ್ರ ಒತ್ತಿಕೊಂಡು ಇನ್ನೂ ಐದು ಸಲ ಹೊಡೆದಳು. ನಾನು ಬದಿಯಲ್ಲಿ ಕೂತದ್ದರಿಂದ ನನಗೆ ಅವಳ ಮುಖ ಕಾಣುತ್ತಿತ್ತು. ಬೆರಳು ಅಲುಗುವ ಮೊದಲೇ ಎರಡೂ ಕಣ್ಣು ಗಟ್ಟಿ ಮುಚ್ಚಿಹೋಗುತ್ತಿತ್ತು, ಹೆಗಲು ಹಿಂದಕ್ಕೆ ಸರಿಯುತ್ತಿತ್ತು. ಐದೂ ಸಲ.

ನನಗೆ ಆ ಮುಖ ಗೊತ್ತು. ಅದು ನನ್ನದೇ ಮುಖ.

ನಾನು ಘಟ್ಟದ ಬುಡದವಳು. ಗದ್ದೆಗೆ ಹಂದಿ ಬರುತ್ತದೆ ಅಂತ ಅಪ್ಪನಿಗೆ ಲೈಸನ್ಸಿನ ಕೋವಿ ಇತ್ತು, ಮೂತಿಯಿಂದ ಮದ್ದು ತುಂಬಿ ಕೇಪಿಟ್ಟು ಹೊಡೆಯುವಂಥದ್ದು. ಒಂದು ಸಲ ಹೊಡೆಯಲಿಕ್ಕೆ ಬೇಕಾದ ಮದ್ದಿನ ಮಸಿ, ಸೀಸದ ಚರೆ ಎಲ್ಲ ಸೇರಿಸಿ ನಮ್ಮಲ್ಲಿ ಈಡು ಅನ್ನುವುದು. ಹಂದಿಗೆ ದೊಡ್ಡ ಈಡು, ಮೊಲಕ್ಕೆ ಸಣ್ಣ ಈಡು. ನನಗೆ ಹನ್ನೆರಡಾದಾಗ ನನ್ನ ಹಟ ತಡೆಯಲಾಗದೆ ಅಪ್ಪ ಕೋವಿ ಕೊಟ್ಟರು. ಆದರೆ ಹಂದಿಯ ಈಡನ್ನೇ ತುಂಬಿಸಿ ಕೊಟ್ಟರು. ಅದು ಒದ್ದ ಒದೆಗೆ ನಾನು ಹಿಂದಿನ ಕೆಸುವಿನ ಗಿಡಗಳ ಮೇಲೆ ಹೋಗಿ ಬಿದ್ದೆ. ಆಮೇಲೆ ಎಷ್ಟು ಸಣ್ಣ ಈಡು ಹಾಕಿದರೂ ಅಷ್ಟೆ, ಕೋವಿ ಹೆಗಲಿಗೆ ಬಂದ ಕೂಡಲೇ ಕಣ್ಣು ತಾನಾಗಿ ಮುಚ್ಚುತ್ತಿತ್ತು. ಹಾಗೆ ಕಣ್ಣು ಮುಚ್ಚಿಯೇ ಒಂದು ಕಾಡುಕುರಿಗೆ ಹೊಡೆದೆ. ನಾಯಿಯ ಹಾಗೆ ಬೊಗಳುವ ಸಣ್ಣ ಜಿಂಕೆ ಅದು. ಹೊಟ್ಟೆಗೆ ತಾಗಿತು, ಓಡಿತು. ಎರಡು ದಿನ ಗುಡ್ಡದ ಮೇಲಿಂದ ಅದರ ಕೂಗು... ಮೂರನೇ ದಿನ ಅಪ್ಪ ನೊಣಗಳ ಶಬ್ದ ಹಿಡಿದು ಹೋಗಿ ಅದನ್ನು ಹುಡುಕಿದರು. ನನ್ನನ್ನು ಬೈಯಲಿಲ್ಲ. ಆ ಕೋವಿಯನ್ನು ನಾನು ಮತ್ತೆ ಮುಟ್ಟಲಿಲ್ಲ.

ಇದನ್ನು ಬಾಬಾಗೆ ನಾನು ಯಾವತ್ತೂ ಹೇಳಿರಲಿಲ್ಲ. ಕೇಳಿದವರೂ ಇರಲಿಲ್ಲ, ಹೇಳಲಿಕ್ಕೆ ನನ್ನ ಬಾಯಲ್ಲಿ ಅಷ್ಟು ಅರಬಿಯೂ ಇರಲಿಲ್ಲ.

ಮೈದಾನದಿಂದ ಬಂದ ಮೇಲೆ ಹುಡುಗಿ ಅಡಿಗೆಮನೆಗೆ ಬಂದು ಅಕ್ಕಿಯ ಡ್ರಮ್ಮಿನ ಮೇಲೆ ಕೂತಳು. ಅವಳಿಗೆ ನಾನು ಖಾಲಾ, ಚಿಕ್ಕಮ್ಮ ಇದ್ದ ಹಾಗೆ. ಹೆಗಲು ತೋರಿಸಿದಳು, ನೇರಳೆಹಣ್ಣಿನ ಬಣ್ಣ. ಫ್ರೀಜರಿನ ಬಟಾಣಿ ಪೊಟ್ಟಣವನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟೆ.

"ಖಾಲಾ, ನಾನು ಕಣ್ಣು ಮುಚ್ತೇನೆ," ಅಂದಳು. "ನನಗೆ ಗೊತ್ತಾಗ್ತದೆ, ನಿಲ್ಲಿಸ್ಲಿಕ್ಕೆ ಆಗುವುದಿಲ್ಲ. ಬಾಬಾಗೆ ಹೇಳಬೇಡ. ಹೇಳಿದರೆ ಹೋಗುವುದೇ ಬೇಡ ಅಂತಾರೆ."

ಅಜ್ಜನದ್ದೊಂದು ಗುಟ್ಟು, ಮೊಮ್ಮಗಳದ್ದೊಂದು ಗುಟ್ಟು, ಎರಡೂ ಕಣ್ಣಿನದ್ದೇ, ಎರಡೂ ನನ್ನ ಅಡಿಗೆಮನೆಗೆ ಬಂದು ಬಿತ್ತು. ಹುಡುಗಿಯದ್ದು ಹೇಳಿದರೆ ಹೋಗುವುದು ನಿಲ್ಲುತ್ತದೆ, ಮುಂದಿನ ಚಳಿಗೆ ಅಜ್ಜನಿಗೆ ಏನೂ ಕಾಣುವುದಿಲ್ಲ. ಹೇಳದಿದ್ದರೆ ಆ ದೂರದ ಬೆಟ್ಟದಲ್ಲಿ ಈ ಹುಡುಗಿ ಒಂದು ಜಿಂಕೆಯ ಹೊಟ್ಟೆಗೆ ಹೊಡೆಯುತ್ತಾಳೆ, ಅದನ್ನು ಹುಡುಕಿ ಹೋಗಲು ಅಜ್ಜನ ಕಣ್ಣಿಗೆ ಆಗುವುದಿಲ್ಲ, ಅವಳು ಜೀವನಪೂರ್ತಿ ಅದರ ಕೂಗು ಕೇಳುತ್ತಾಳೆ. ಉಳಿದ ದಾರಿ ಒಂದೇ. ತೋಟೆ ಬದಲಾಗಬೇಕು.

ಮರುದಿನ ಸಂಜೆ ಬಾಬಾ ಹಿತ್ತಿಲಲ್ಲಿ ಪೇಪರು ಹಾಸಿ ಕೂತಿದ್ದರು. ಮಗ ಕಾರಿನ ಕೀಲಿ ತಿರುಗಿಸುತ್ತಾ ನಿಂತಿದ್ದ. ಹುಡುಗಿ ಹುಬ್ಬಿಗೆ ಪಟ್ಟಿ ಹಾಕಿಕೊಂಡು ಮೆಟ್ಟಿಲ ಮೇಲೆ. ಪೇಪರಿನ ಮೇಲೆ ಎರಡೂ ತೋಟೆಗಳನ್ನು ನೆಟ್ಟಗೆ ನಿಲ್ಲಿಸಿದ್ದರು. ದೊಡ್ಡದು ನನ್ನ ನಡುಬೆರಳಿಗಿಂತ ಉದ್ದ, ಸೊಂಟದಲ್ಲಿ ದಪ್ಪ. ಸಣ್ಣದು ಅದರ ತಮ್ಮನ ಹಾಗಿತ್ತು. ಸಂಜೆಯ ಬಿಸಿಲಿಗೆ ಎರಡೂ ಬಂಗಾರದ ಹಾಗೆ ಹೊಳೆಯುತ್ತಿದ್ದವು.

"ಬರುವ ಶುಕ್ರವಾರವೂ ದೊಡ್ಡದರಲ್ಲೇ," ಅನ್ನುತ್ತಿದ್ದರು ಬಾಬಾ. "ನಾಲ್ಕು ದಿನ ನೋವು, ಆಮೇಲೆ ಅಭ್ಯಾಸ ಆಗ್ತದೆ."

ನಾನು ಕತ್ತಿ ಕೆಳಗಿಟ್ಟು ಹೊರಗೆ ಬಂದೆ. ನನ್ನ ಅಡಿಗೆಮನೆಯ ಅರಬಿಯಲ್ಲಿ ಉಪ್ಪು ಇತ್ತು, ಬಿಸಿ ಇತ್ತು, ಸಾಕು, ಬೇಕು, ಸಣ್ಣ, ದೊಡ್ಡ ಎಲ್ಲ ಇತ್ತು. ತೋಟೆಗೆ ಮಾತಿರಲಿಲ್ಲ. ಬಾಯಿಗೆ ಬಂದದ್ದು ಅಪ್ಪನ ಮಾತೇ.

"ಬಾಬಾ, ಅವ್ವಲ್ ಈಡು ಸಗೀರ್," ಅಂದೆ. ಮೊದಲ ಈಡು ಸಣ್ಣದಿರಬೇಕು ಅಂತ ನನ್ನ ಅರ್ಥ. "ಚಿಬೀರ್ ಮೂ ಜೇನ್." ದೊಡ್ಡದು ಒಳ್ಳೆಯದಲ್ಲ.

ಮಗ ಕೀಲಿ ತಿರುಗಿಸುವುದನ್ನು ನಿಲ್ಲಿಸಿದ. "ಇನ್ನು ತೋಟೆಯೂ ಅಡಿಗೆಯವಳೇ ಆರಿಸುವುದಾ? ನಾಳೆ ಅದಕ್ಕೂ ಮಸಾಲೆ ಅರೆದು ತುಂಬ್ತಾಳೆ."

ಬಾಬಾ ನಗಲಿಲ್ಲ. "ಈದ್..." ಅಂತ ಮೆಲ್ಲಗೆ ಹೇಳಿಕೊಂಡರು. ಆಮೇಲೆ ಮೊಮ್ಮಗಳ ಕಡೆ ಕೈ ಚಾಚಿದರು. "ಬಾ ಇಲ್ಲಿ."

ಈದ್ ಅಂದರೆ ಇವರ ಮಾತಿನಲ್ಲಿ ಕೈ. ಹಬ್ಬದ ಈದ್ ಬೇರೆ, ಅದನ್ನು ಇವರು ಗಂಟಲಿನ ಆಳದಿಂದ ತೆಗೆಯುತ್ತಾರೆ. ನಾನು ಈಡು ಅಂದದ್ದು ಬಾಬಾನ ಕಿವಿಗೆ ಕೈ ಅಂತ ಬಿದ್ದಿತ್ತು. "ಮೊದಲು ನೋಡಿ, ಕೈ ಸಣ್ಣದು" ಅಂತ ನಾನು ಹೇಳಿದ ಹಾಗೆ ಅವರಿಗೆ ಕೇಳಿಸಿತ್ತು.

ಅವರು ಹುಡುಗಿಯ ಅಂಗೈಯನ್ನು ತಮ್ಮ ಅಂಗೈ ಮೇಲೆ ಬಿಡಿಸಿ ಇಟ್ಟುಕೊಂಡು ಬೆರಳು ಬೆರಳು ಮುಟ್ಟಿ ನೋಡಿದರು. ಕಣ್ಣು ಬೇರೆಲ್ಲೋ ಇತ್ತು, ನೋಡಿದ್ದೆಲ್ಲ ಬೆರಳಲ್ಲೇ. ದೊಡ್ಡ ಕೋವಿಯ ಹಿಡಿಗೆ ಆ ಕೈಯನ್ನು ಸುತ್ತಿಸಿದರು. ಗುಂಡು ಹಾರಿಸಲು ಎಳೆಯುವ ಕುದುರೆಯ ತನಕ ಬೆರಳು ಸರಿಯಾಗಿ ಮುಟ್ಟುತ್ತಿರಲಿಲ್ಲ. ಸಣ್ಣದಕ್ಕೆ ಸುತ್ತಿಸಿದರು. ಮುಟ್ಟಿತು. ತುಂಬ ಹೊತ್ತು ಹಾಗೇ ಹಿಡಿದುಕೊಂಡು ಕೂತರು, ಅದೆಷ್ಟು ಹೊತ್ತೋ... ಆ ಹಿಡಿ ಅಳತೆ ಮಾಡಿಸಿದ್ದು ಇನ್ನೊಂದು ಕೈಗೆ ಅಂತ ನಮಗೆಲ್ಲರಿಗೂ ಗೊತ್ತಿತ್ತು.

"ಸಣ್ಣದೇ," ಅಂದರು.

"ಅದು ಹೆಂಗಸರ ಕೋವಿ, ಯುಬಾ!" ಅಂದ ಮಗ. ಅಪ್ಪನನ್ನು ಅವನು ಹಾಗೆ ಕರೆಯುತ್ತಿದ್ದದ್ದು.

"ಇವಳಿಗೇನು ಗಡ್ಡ ಬಂದಿದೆಯಾ?"

"ಅಡಿಗೆಯವಳಿಗೆ ಕೋವಿಯದ್ದು ಏನು ಗೊತ್ತು?"

"ಕೋವಿಯ ಮಾತು ಅವಳು ಎಲ್ಲಿ ಆಡಿದಳು? ಕೈಯ ಮಾತು ಆಡಿದಳು. ದಿನಾ ಆ ಕೈಗೆ ಊಟ ಕೊಡುವವಳು ಅವಳು. ನೀನು ಆ ಕೈ ಹಿಡಿದು ಎಷ್ಟು ದಿನ ಆಯ್ತು, ಹೇಳು?"

ಮಗ ಕೀಲಿಯನ್ನು ಜೇಬಿಗೆ ಹಾಕಿಕೊಂಡ. ನಾನು ಬಾಯಿ ತೆರೆದದ್ದು ನಿಜ. ಹಾಗಲ್ಲ ಬಾಬಾ, ನಾನು ಕೋವಿಯ ಮಾತೇ ಆಡಿದ್ದು, ನನ್ನ ಅಪ್ಪನದ್ದೂ ಒಂದು ಇತ್ತು ಅಂತ ಹೇಳಹೊರಟಿದ್ದೆ. ಹಾಗೆ ಹೇಳಿದ್ದರೆ ಆ ಕ್ಷಣಕ್ಕೇ ಎಲ್ಲ ಬಿದ್ದುಹೋಗುತ್ತಿತ್ತು. ಅಡಿಗೆಯವಳು ಕೈಯ ಬಗ್ಗೆ ಹೇಳಬಹುದು, ತೋಟೆಯ ಬಗ್ಗೆ ಹೇಳುವ ಹಾಗಿಲ್ಲ. ಬಾಯಿ ಮುಚ್ಚಿಕೊಂಡು ಒಳಗೆ ಹೋಗಿ ಉಳಿದ ಈರುಳ್ಳಿ ಹೆಚ್ಚಿದೆ.

ಸಣ್ಣದು ಅಂತ ಆದ ಮೇಲೂ ಮುಗಿಯಲಿಲ್ಲ. ಮಗ ಆಮೇಲೆ ತಂದ ಸಣ್ಣ ತೋಟೆಯ ಪೆಟ್ಟಿಗೆಯಲ್ಲಿ ಗುಂಡಿನ ತೂಕದ ಅಂಕಿಯನ್ನು ಬಾಬಾ ನನ್ನಿಂದ ಓದಿಸಿದರು. ಐವತ್ತೆಂಟು. "ಇದು ನರಿಗೆ," ಅಂದರು. "ಗುಂಡು ಹಗುರ. ಚರ್ಮಕ್ಕೆ ತಾಗಿದ ಕೂಡಲೇ ಪುಡಿಯಾಗ್ತದೆ, ಒಳಗೆ ಹೋಗುವುದಿಲ್ಲ. ಜಿಂಕೆ ಗಾಯ ಹೊತ್ತುಕೊಂಡು ಓಡ್ತದೆ." ನೂರು ಅಂತ ಬರೆದದ್ದು, ಮೂತಿಯಲ್ಲಿ ಸೀಸ ಕಾಣುವಂಥದ್ದು ಬರುವ ತನಕ ಬಿಡಲಿಲ್ಲ. ಸಣ್ಣ ತೋಟೆಗೆ ಒಂದು ಕಟ್ಟುಪಾಡು ಉಂಟು ಅಂತ ಹುಡುಗಿಗೆ ಹೇಳಿಕೊಟ್ಟರು. ಹತ್ತಿರ ಹೋಗಬೇಕು, ಮುಂಗಾಲಿನ ಹಿಂದೆಯೇ ತಾಗಬೇಕು, ಅಷ್ಟು ಆಗದಿದ್ದರೆ ಹೊಡೆಯಬಾರದು.

ಆಮೇಲಿನ ಸಂಜೆಗಳು ನನಗೆ ಈಗಲೂ ಕನಸಿನ ಹಾಗೆ. ತೋಟೆಯೇ ಹಾಕದ ಕೋವಿಯನ್ನು ಹುಡುಗಿ ಗೋಡೆಯ ಕಡೆ ಹಿಡಿದು ನಿಲ್ಲುವುದು, ನಾನು ಅದರ ನಳಿಗೆಯ ಮೇಲೆ ಒಂದು ನಾಣ್ಯ ಇಡುವುದು. ಅವಳು ಕುದುರೆ ಎಳೆದರೆ ಟಿಕ್ ಅನ್ನಬೇಕು, ನಾಣ್ಯ ಬೀಳಬಾರದು. ಮೊದಲ ವಾರ ನಾಣ್ಯ ಹೆಕ್ಕಿ ಹೆಕ್ಕಿ ನನ್ನ ಸೊಂಟ ಹೋಯಿತು. ಬಾಬಾ ಕುರ್ಚಿಯಲ್ಲಿ ಕೂತು ಬರೀ ಶಬ್ದ ಕೇಳುತ್ತಿದ್ದರು. ಟಿಕ್, ಆಮೇಲೆ ನೆಲಕ್ಕೆ ಠಣ್. "ಇನ್ನೊಮ್ಮೆ," ಅನ್ನುತ್ತಿದ್ದರು. ಪಾರಿವಾಳಗಳು ನೀರಿನ ಟ್ಯಾಂಕಿನ ಮೇಲೆ ಬಂದು ಕೂತು ಹೋಗುತ್ತಿದ್ದವು, ಬೆಳಕು ಮೆಲ್ಲಗೆ ಗೋಡೆ ಹತ್ತುತ್ತಿತ್ತು... ಒಂದು ಸಂಜೆ ಬರೀ ಟಿಕ್ ಕೇಳಿಸಿತು. ಮತ್ತೊಮ್ಮೆ ಟಿಕ್. ನಾಣ್ಯ ನಳಿಗೆಯ ಮೇಲೆಯೇ ಇತ್ತು.

ಮೈದಾನದಲ್ಲಿ ಬಾಬಾ ಒಮ್ಮೆ ತೋಟೆ ಹಾಕಿ ಕೊಡುತ್ತಿದ್ದರು, ಒಮ್ಮೆ ಹಾಕದೆ. ಯಾವುದೆಂದು ಅವಳಿಗೆ ಹೇಳುತ್ತಿರಲಿಲ್ಲ. ಸಣ್ಣ ತೋಟೆ ಒದೆಯುವುದು ಬೆಕ್ಕು ತಲೆಯಿಂದ ನೂಕಿದಷ್ಟೇ. ಮೂರನೇ ಶುಕ್ರವಾರ ನಾನು ಬದಿಯಿಂದ ನೋಡಿದೆ. ಕಣ್ಣು ತೆರೆದಿತ್ತು. ನಾನು ಬಾಬಾ ಏನಾದರೂ ಹೇಳುತ್ತಾರಾ ಅಂತ ಕಾದೆ. ಅವರು ಚಹಾ ಕೇಳಿದರು, ಅಷ್ಟೆ. ಅವರಿಗೆಲ್ಲಿ ಕಾಣುತ್ತದೆ ಅಂದುಕೊಂಡೆ.

ಅವರಿಬ್ಬರೂ ಹೋದರು. ಎಂಟು ದಿನ ಮನೆ ಖಾಲಿ ಪಾತ್ರೆಯ ಹಾಗೆ ಇತ್ತು. ವಾಪಸು ಬಂದ ದಿನ ಬಾಬಾ ಸೀದಾ ಹಿತ್ತಿಲಿಗೆ ಬಂದು ಕೂತರು. ಮೊದಲ ಮೂರು ದಿನ ಅವಳು ಹೊಡೆಯಲೇ ಇಲ್ಲವಂತೆ. ದಾರಿ ತೋರಿಸುವವನು "ಹೊಡೆ, ಹೊಡೆ" ಅಂದರೂ ದೂರ ಅಂತ ಕೋವಿ ಇಳಿಸಿದಳಂತೆ. ನಾಲ್ಕನೇ ದಿನ ಎಂಬತ್ತು ಹೆಜ್ಜೆ, ಒಂದೇ ತೋಟೆ. "ನಿಂತಲ್ಲೇ ಮಂಡಿ ಊರಿತು, ಉಖ್ತಿ. ನಾನು ನೋಡಿದೆ. ಹಿಮ ಹಾರಿತು, ನೋಡಿದೆ!" ಅಂತ ಕೈಯೆತ್ತಿ ತೋರಿಸಿದರು. ಮಗ ಕೂಡ ನಿಂತು ಕೇಳಿದ.

ಹುಡುಗಿ ಆಮೇಲೆ ಅಕ್ಕಿಯ ಡ್ರಮ್ಮಿನ ಮೇಲೆ ಕೂತು ಹೇಳಿದಳು. "ಬಾಬಾ ನೋಡಲಿಲ್ಲ ಖಾಲಾ. ಜಿಂಕೆ ಎದುರಿಗಿತ್ತು. ಅವರ ಮುಖ ಈಚೆ ತಿರುಗಿತ್ತು. ನಾನು ಏನೂ ಹೇಳಲಿಲ್ಲ."

"ಹೇಳಬೇಡ," ಅಂದೆ. ಮತ್ತೊಂದು ಗುಟ್ಟು. ನನಗೆ ಅಭ್ಯಾಸ ಆಗಿತ್ತು.

ಮುಂದಿನ ಚಳಿಗೆ ಕಪಾಟಿನ ಬೀಗ ತೆಗೆಯಲಿಲ್ಲ. ಬಾಬಾ ಗೋಡೆ ಹಿಡಿದುಕೊಂಡು ನಡೆಯುತ್ತಿದ್ದರು. ಅದರ ಮರುವರ್ಷ ಇಲ್ಲಿ ಆಸ್ಪತ್ರೆಯಲ್ಲಿ ನರ್ಸಾಗಿರುವ ನನ್ನ ಮಗಳಿಗೆ ಹೆರಿಗೆ ಆಯಿತು, ಮಗು ನೋಡಿಕೊಳ್ಳಲು ನಾನು ಕೆಲಸ ಬಿಟ್ಟು ಅವಳ ಮನೆ ಇರುವ ರಿಗ್ಗೈಗೆ ಬಂದೆ. ನನ್ನ ಕಫೀಲ್, ಅಂದರೆ ವೀಸಾದ ಜವಾಬ್ದಾರ, ಅಂತ ಕಾಗದದಲ್ಲಿ ಇದ್ದದ್ದು ಬಾಬಾನ ಮಗ. ತಕರಾರು ಮಾಡದೆ ಸಹಿ ಹಾಕು ಅಂತ ಬಾಬಾ ಅವನಿಗೆ ಹೇಳಿದ್ದರು. ಹೊರಡುವ ದಿನ ನನ್ನ ಕೈ ಹಿಡಿದು, "ನೀನು ಅವತ್ತು ಕೈಯ ಮಾತು ಹೇಳಿದೆಯಲ್ಲ, ಅದನ್ನು ದಿವಾನಿಯಾದಲ್ಲಿ ಇನ್ನೂರು ಸಲ ಹೇಳಿದ್ದೇನೆ," ಅಂದರು. ಆಗಲಾದರೂ ನಿಜ ಹೇಳಬಹುದಿತ್ತು. ಹೊರಗೆ ಟ್ಯಾಕ್ಸಿ ಹಾರನ್ ಹಾಕುತ್ತಿತ್ತು. ಹೇಳಲಿಲ್ಲ.

ರಿಗ್ಗೈಯಿಂದ ಆ ಮನೆಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಹೋಗಿ ನೋಡಲಿಲ್ಲ. ಮಗು, ಕೆಲಸ, ಬಿಸಿಲು ಅಂತ ಕಾರಣ ಕೊಡಬಹುದು. ಯಾವುದೂ ಕಾರಣವಲ್ಲ. ಹೋಗಲಿಲ್ಲ, ಅಷ್ಟೆ.

ಅರ್ದಿಯಾದಿಂದ ಬಂದ ಸಂಜೆ ನನ್ನ ಮೊಮ್ಮಗಳಿಗೆ ಆ ಹುಡುಗಿಯ ಹೆಸರು ಹೇಳಿ, ಫೋನಿನಲ್ಲಿ ಸಿಗ್ತಾಳಾ ನೋಡು ಅಂದೆ. "ಈಸಿ, ಅಜ್ಜಿ," ಅಂತ ಎರಡು ನಿಮಿಷದಲ್ಲಿ ಹುಡುಕಿ ಕೊಟ್ಟಿತು. ಹುಡುಗಿ ಈಗ ಶರ್ಕ್ ಪೇಟೆಯ ಒಂದು ಬ್ಯಾಂಕಿನಲ್ಲಿ ದೊಡ್ಡ ಕೆಲಸದಲ್ಲಿದ್ದಾಳೆ. ಫೋಟೋದಲ್ಲಿ ಹುಬ್ಬಿನ ಗೀರು ಇನ್ನೂ ಕಾಣುತ್ತದೆ. ಮೊಮ್ಮಗಳು ಮೆಸೇಜು ಹಾಕಿತು, ಊಟದ ಹೊತ್ತಿಗೆ ಅವಳು ಮಾತಾಡಿ ಕಳಿಸಿದ ಧ್ವನಿ ಬಂತು, "ಖಾಲಾ! ಖಾಲಾ!" ಅಂತ. ಬಾಬಾ ತೀರಿಕೊಂಡು ಎರಡು ವರ್ಷ ಆಯಿತಂತೆ. ಮನೆಯವರು ನನ್ನ ನಂಬರಿಗೆ ತುಂಬ ಹುಡುಕಿದರಂತೆ. ಸಾವಿನ ಮನೆಗೆ ಮೂರು ದಿನ ಬಂದು ಹೋದ ಗಂಡಸರೆಲ್ಲ ಆ ಸಣ್ಣ ಕೈಯ ಕಥೆಯನ್ನೇ ಹೇಳಿದರಂತೆ.

ಆಮೇಲೆ ಅವಳು ಇನ್ನೊಂದು ಹೇಳಿದಳು. ಕೊನೆಯ ದಿನಗಳಲ್ಲಿ ಅವಳೇ ಅವರ ಹಾಸಿಗೆಯ ಹತ್ತಿರ ಕೂರುತ್ತಿದ್ದಳಂತೆ. ಒಂದು ದಿನ ಬಾಬಾ ತಾವಾಗಿ ಅಂದರಂತೆ: "ಆ ಜಿಂಕೆಯನ್ನು ನಾನು ನೋಡಲಿಲ್ಲ. ದೂರದ್ದು ಕಾಣುತ್ತಿರಲಿಲ್ಲ. ಹತ್ತಿರದ ಮುಖ ಕಾಣುತ್ತಿತ್ತು. ನಾನು ನೋಡಿದ್ದು ನಿನ್ನ ಕಣ್ಣು. ತೆರೆದೇ ಇತ್ತು."

ಅವಳು ಕಣ್ಣು ಮುಚ್ಚುವುದು ಅವರಿಗೆ ಮೊದಲೇ ಗೊತ್ತಿತ್ತು, ನಾಣ್ಯ ಇಡಿಸಿದ್ದೇ ಅದಕ್ಕೆ. ನಾನು ಕಾಪಾಡಿದ ಗುಟ್ಟು ಗುಟ್ಟೇ ಆಗಿರಲಿಲ್ಲ.

ಅವಳು ಅಳುತ್ತಿದ್ದಳು. ಡಾಕ್ಟರಲ್ಲಿಗೆ ಎರಡು ವರ್ಷ ಮೊದಲೇ ಹೋಗಿದ್ದರೆ ಕಣ್ಣು ಸ್ವಲ್ಪವಾದರೂ ಉಳಿಯುತ್ತಿತ್ತಂತೆ. ಬೇಟೆ ನಿಲ್ಲಿಸಿಬಿಡುತ್ತಾರೆ ಅಂತ ಹೆದರಿ ಅಜ್ಜ ಯಾರಿಗೂ ಹೇಳದೆ ಇದ್ದರಂತೆ. ನನಗೆ ಹೇಳಿದ್ದರು. ತೋಟೆಯ ಪೆಟ್ಟಿಗೆ ಓದು ಅಂತ ಕೊಟ್ಟರಲ್ಲ, ಅದಕ್ಕಿಂತ ಇನ್ನು ಹೇಗೆ ಹೇಳಬೇಕು? ನಾನು ಅಂಕಿ ಓದಿ ಪೆಟ್ಟಿಗೆ ವಾಪಸು ಕೊಟ್ಟೆ. ಇದನ್ನು ಮಾತ್ರ ನಾನು ಯಾವ ಅರಬಿಯ ಮೇಲೂ ಹಾಕುವ ಹಾಗಿಲ್ಲ.

ಧ್ವನಿ ಮುಗಿದ ಮೇಲೆ ಇನ್ನೆರಡು ಸಲ ಹಾಕಿಸಿ ಕೇಳಿದೆ. ಆಮೇಲೆ ಪಾತ್ರೆ ತೊಳೆದೆ. ಬಾಬಾ ಇಲ್ಲ. ಎರಡು ವರ್ಷದಿಂದ ಇಲ್ಲದವರನ್ನು ನಾನು ಅವತ್ತು ಮಧ್ಯಾಹ್ನ ಗೋದಾಮಿನ ಮುಂದೆ ಕೂತು ಬದುಕಿದ್ದಾರೆ ಅಂತಲೇ ನೆನೆಯುತ್ತಿದ್ದೆ...

ಒಂದು ವರ್ಷದಿಂದ ಮಗಳು ನನ್ನ ಬೆನ್ನು ಹಿಡಿದಿದ್ದಳು, ಎಡಗಣ್ಣಿನಲ್ಲಿ ಪೊರೆ ಬಂದಿದೆ, ಬಂದು ತೋರಿಸು ಅಂತ. ವಯಸ್ಸಾಯ್ತು, ಇನ್ನೇನು ನೋಡ್ಲಿಕ್ಕುಂಟು ಅಂತ ನಾನು ಜಗ್ಗಿರಲಿಲ್ಲ. ಮರುದಿನ ಬೆಳಿಗ್ಗೆ ಅವಳು ಡ್ಯೂಟಿಗೆ ಹೊರಡುವಾಗ ನಾನು ಸೀರೆ ಉಟ್ಟು, ಚಪ್ಪಲಿ ಮೆಟ್ಟಿ, ನನ್ನ ಗುರುತಿನ ಕಾರ್ಡು ಕೈಯಲ್ಲಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದೆ.

"ಎಲ್ಲಿಗಮ್ಮಾ ಇಷ್ಟು ಬೇಗ?" ಅಂದಳು.

"ಕಣ್ಣಿನ ಡಾಕ್ಟರಲ್ಲಿಗೆ. ನಡಿ, ಯಲ್ಲಾ," ಅಂದೆ.